ಅಕ್ಕಲಕೋಟ ರಸ್ತೆಯ ಅಕ್ಕಲದಾಢ

ಹೋದ ತಿಂಗಳು ನನ್ನ ಬಲಗಡೆ ಕೆಳದವಡೆಯಲ್ಲಿ ಒಂದು ಹಲ್ಲು ಅಡ್ಡ ಬಿದ್ದಿತು. ಉಳಿದ ಹಲ್ಲುಗಳೆಲ್ಲ ನಿಂತು ದುಡಿಯುವಾಗ ಇದೊಂದು ಮಾತ್ರ ಸೀಟು ಸಿಗದ ಎಸ್‌ಟಿ ಪ್ರಯಾಣಿಕನ ಹಾಗೆ ಪಕ್ಕದವನ ಮೈಮೇಲೆ ಒರಗಿ ಮಲಗಿತ್ತು. ಪುಸ್ತಕದ ಕನ್ನಡದಲ್ಲಿ ಇದಕ್ಕೆ ಬುದ್ಧಿಹಲ್ಲು ಎಂದು ಹೆಸರು. ಸೋಲಾಪುರದ ಕನ್ನಡಿಗರಾದ ನಾವು ಮರಾಠಿಯವರ ಹಾಗೆ ಅಕ್ಕಲದಾಢ ಎನ್ನುತ್ತೇವೆ. ಹೆಸರಿನಲ್ಲಿ ಅಕ್ಕಲ್ ಇರುವ ಹಲ್ಲು, ಹೆಸರಿನಲ್ಲಿ ಅಕ್ಕಲ್ ಇರುವ ರಸ್ತೆ. ಎರಡಕ್ಕೂ ಜಾಗ ಸಾಲದು. ಅಕ್ಕಲಕೋಟ ರಸ್ತೆ ಎಂಐಡಿಸಿಯ ಟವಲ್ ಕಾರ್ಖಾನೆಯೊಂದರಲ್ಲಿ ನಾನು ದಿವಾಣಜಿ. ಊದಿದ ಕೆನ್ನೆಗೆ ನಮ್ಮದೇ ಟವಲನ್ನು ಬಿಸಿನೀರಲ್ಲಿ ಅದ್ದಿ ಒತ್ತಿಕೊಂಡು ಲೆಕ್ಕ ಬರೆಯುತ್ತಿದ್ದೆ. ಮಾಲಕರ ವಾಟ್ಸಾಪ್ ಬಂತು.

"ಒಂದು ಟವಲ್ ತಾನಾಗಿ ನೇಯ್ದುಕೊಳ್ಳುತ್ತದೆಯೇ? ಇಲ್ಲ! ಅದಕ್ಕೊಬ್ಬ ಡಿಸೈನರ್ ಬೇಕು. ಹಾಗಿದ್ದರೆ ಆ ಟವಲಿನಿಂದ ಮೈ ಒರೆಸಿಕೊಳ್ಳುವ ಮನುಷ್ಯ ತಾನಾಗಿ ಆದನೇ? ಡಾರ್ವಿನ್ ಸುಳ್ಳು. ಹತ್ತು ಜನಕ್ಕೆ ಕಳಿಸಿ."

ಗುರುವಾರ ಬೇರೆ. ಹೊರಗೆ ಅಕ್ಕಲಕೋಟದ ಸ್ವಾಮಿ ಸಮರ್ಥರ ದರ್ಶನಕ್ಕೆ ಹೊರಟ ಗಾಡಿಗಳ ಸಾಲು. ಒಳಗೆ ಮಗ್ಗಗಳ ಖಟಾಖಟ್. ಹಲ್ಲುನೋವಿನವನ ಕೈಗೆ ದೇವರ ವಿನ್ಯಾಸದ ಹೊಗಳಿಕೆ ಕೊಡಬಾರದು. ಆದರೆ ಮೆಸೇಜು ಕಳಿಸಿದವರು ಪಗಾರ ಕೊಡುವವರು. ಆದ್ದರಿಂದ ಮೊದಲು ಕೈಮುಗಿದ ಚಿತ್ರ ಒತ್ತಿದೆ, ಆಮೇಲೆ ಯೋಚನೆ ಮಾಡಿದೆ.

ವಾದ ಹಳೆಯದು. 1802ರಲ್ಲಿ ವಿಲಿಯಂ ಪೇಲಿ ಎಂಬ ಇಂಗ್ಲೆಂಡಿನ ಪಾದ್ರಿ ಹೇಳಿದ್ದೂ ಇದನ್ನೇ. ಬಯಲಿನಲ್ಲಿ ನಡೆಯುವಾಗ ಗಡಿಯಾರವೊಂದು ಸಿಕ್ಕರೆ ಅದನ್ನು ಮಾಡಿದವನೊಬ್ಬ ಇದ್ದಾನೆ ಎನ್ನುತ್ತೀರಲ್ಲ, ಕಣ್ಣು, ಕಿವಿ, ರೆಕ್ಕೆ ಅದಕ್ಕಿಂತ ಸೂಕ್ಷ್ಮ, ಹಾಗಾಗಿ ಅವಕ್ಕೂ ಒಬ್ಬ ಮಾಡಿದವ ಇರಲೇಬೇಕು. 1996ರಲ್ಲಿ ಅಮೆರಿಕದ ಜೀವರಸಾಯನಶಾಸ್ತ್ರಜ್ಞ ಮೈಕೇಲ್ ಬೀಹಿ ಗಡಿಯಾರ ತೆಗೆದು ಅಲ್ಲಿ ಇಲಿಬೋನು ಇಟ್ಟ. ಒಂದು ಭಾಗ ತೆಗೆದರೂ ಬೋನು ಇಲಿ ಹಿಡಿಯುವುದಿಲ್ಲ, ಆದ್ದರಿಂದ ಅದು ಹಂತಹಂತವಾಗಿ ಆಗಿರಲಾರದು, ಬ್ಯಾಕ್ಟೀರಿಯಾದ ಬಾಲವೂ ಹಾಗೆಯೇ ಎಂದ. ಈಗ ಸೋಲಾಪುರಕ್ಕೆ ಬರುವ ಹೊತ್ತಿಗೆ ಬೋನಿನ ಜಾಗದಲ್ಲಿ ಟವಲ್ ಬಂದಿದೆ. ಗಡಿಯಾರ ಹೋಗಿ ಬೋನು, ಬೋನು ಹೋಗಿ ಟವಲ್. ಆಯಾ ಊರಿನ ಹವೆಗೆ ತಕ್ಕಂತೆ ರೂಪ ಬದಲಿಸಿ ಉಳಿದುಕೊಂಡು ಬಂದ ಈ ವಾದಕ್ಕೆ ವಿಕಾಸವೇ ಆಗಿಲ್ಲ ಎಂದು ಹೇಳುವ ಧೈರ್ಯ ನನಗಂತೂ ಇಲ್ಲ.

ಟವಲಿಗೆ ಡಿಸೈನರ್ ಇದ್ದಾನೆ, ಒಪ್ಪಿದೆ. ಅವನ ಪಗಾರದ ಚೀಟಿ ನಾನೇ ಬರೆಯುತ್ತೇನೆ. ಆದರೆ ಟವಲ್ ಮರಿ ಹಾಕುವುದಿಲ್ಲ. ಹದಿನೆಂಟು ವರ್ಷದಿಂದ ಈ ಶೆಡ್ಡಿನಲ್ಲಿದ್ದೇನೆ. ಎರಡು ಟವಲನ್ನು ರಾತ್ರಿ ಒಂದೇ ಗೂಟಕ್ಕೆ ಹಾಕಿ ಬೀಗ ಜಡಿದು ಹೋದರೆ ಬೆಳಿಗ್ಗೆ ಬಂದು ನೋಡಿದಾಗ ಕರವಸ್ತ್ರ ಹುಟ್ಟಿರುವುದಿಲ್ಲ. ಹುಟ್ಟುವ ಹಾಗಿದ್ದರೆ, ಹುಟ್ಟಿದ ಕರವಸ್ತ್ರಗಳು ಒಂದರ ಹಾಗೆ ಒಂದು ಇರದಿದ್ದರೆ, ಬೇಗ ಒಣಗುವವು ಮಾತ್ರ ಮುಂದೆ ಸಂಸಾರ ಮಾಡುವ ಹಾಗಿದ್ದರೆ, ಮಾಲಕರು ಮೊದಲು ಡಿಸೈನ್ ಮಾಸ್ತರನನ್ನೇ ಮನೆಗೆ ಕಳಿಸುತ್ತಿದ್ದರು. ಪೇಲಿಯ ಗಡಿಯಾರಕ್ಕೂ ಹೆಂಡಿರು ಮಕ್ಕಳಿರಲಿಲ್ಲ. ಆ ವಾದದ ತೂತು ಇಷ್ಟೇ. ಮಿಕ್ಕದ್ದೆಲ್ಲ ಕಸೂತಿ.

ತೂತು ಎಂದ ಮೇಲೆ ಮಾಸ್ತರನ ಕತೆ ಹೇಳಲೇಬೇಕು. ಎಲೆಕ್ಟ್ರಾನಿಕ್ ಜಕಾರ್ಡ್ ಎಷ್ಟೋ ಕಡೆ ಬಂದಿದೆ. ನಮ್ಮಲ್ಲಿ ಮಾತ್ರ ಇನ್ನೂ ರಟ್ಟಿನ ಕಾರ್ಡಿನದೇ ರಾಜ್ಯ. ಕಾರ್ಡಿನಲ್ಲಿ ತೂತಿದ್ದ ಕಡೆ ಹಾಸಿನ ದಾರ ಮೇಲೇಳುತ್ತದೆ, ಇಲ್ಲದ ಕಡೆ ಕೂತೇ ಇರುತ್ತದೆ, ನಡುವೆ ಹೊಕ್ಕು ಹಾಯುತ್ತದೆ. ಒಂದೊಂದು ಹೊಕ್ಕಿಗೆ ಒಂದೊಂದು ಕಾರ್ಡು. ನೂರಾರು ಕಾರ್ಡು ಸರಪಳಿಯ ಹಾಗೆ ಹೊಲಿದು ಮಗ್ಗದ ನೆತ್ತಿಯ ಮೇಲೆ ಸುತ್ತಿಬಿಟ್ಟರೆ ಕೆಳಗೆ ನವಿಲು ಮೂಡುತ್ತದೆ. 1804ರ ಸುಮಾರಿಗೆ ಫ್ರಾನ್ಸಿನ ಲಿಯೋನ್ ಊರಿನ ಜೋಸೆಫ್ ಮರಿ ಜಕಾರ್ಡ್ ಬಳಕೆಗೆ ತಂದ ಯುಕ್ತಿ ಇದು. ಇದನ್ನು ನೋಡಿಯೇ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೂ ಕಾರ್ಡು ಹಾಕಲು ಹೊರಟ. ಅದೇ ಬ್ಯಾಬೇಜ್ 1837ರಲ್ಲಿ ಒಂದು ಪುಸ್ತಕ ಬರೆದು, ದೇವರು ಆದಿಯಲ್ಲೇ ನಿಯಮ ಹಾಕಿಕೊಟ್ಟಿದ್ದಾನೆ, ಪ್ರತಿ ಸಲ ಬಂದು ಕೈಹಾಕಬೇಕಿಲ್ಲ ಎಂದು ವಾದಿಸಿದ. ಅವನ ಮನೆಯ ಕೂಟಗಳಿಗೆ ಹೋಗಿಬರುತ್ತಿದ್ದವರಲ್ಲಿ ಯುವಕ ಡಾರ್ವಿನ್ನೂ ಒಬ್ಬ. ನೋಡಿ, ಬ್ಯಾಬೇಜನ ದೇವರು ಎಷ್ಟೋ ವಾಸಿ. ವಾಟ್ಸಾಪಿನ ದೇವರಿಗೆ ಪ್ರತಿ ಬ್ಯಾಕ್ಟೀರಿಯಾದ ಬಾಲವನ್ನೂ ತಾನೇ ಕೂತು ಹೊಲಿಯುವ ಕರ್ಮ.

ನಮ್ಮ ಮಾಸ್ತರ ತೆಲುಗಿನವ. ಮನೆಯಲ್ಲಿ ತೆಲುಗು, ಮಾಲಕರ ಹತ್ತಿರ ಮರಾಠಿ, ವ್ಯಾಪಾರಿಗಳ ಹತ್ತಿರ ಹಿಂದಿ, ನನ್ನ ಹತ್ತಿರ ಕನ್ನಡ, ಮಗ್ಗದ ಹತ್ತಿರ ನಾಲ್ಕರಲ್ಲೂ ಬೈಗುಳ. ಮೆಸೇಜು ತೋರಿಸಿ, "ಏನ್ರಿ ಮಾಸ್ತರ, ನಿಮ್ಮನ್ನ ದೇವರ ಸಮಾ ಮಾಡ್ಯಾರಲ್ಲ" ಎಂದೆ. ಅವನು ನಕ್ಕು ಮೂಲೆಯಲ್ಲಿದ್ದ ಗಿಳಿ ಟವಲ್ ಎತ್ತಿ ತೋರಿಸಿದ.

"ಇದನ್ನ ಯಾರು ಮಾಡಿದ್ರು ಹೇಳ್ರಿ ದಿವಾಣಜಿ."

"ನೀವs."

"ನಾ ಅಲ್ಲ. ನಾ ನವಿಲು ಮಾಡಿದ್ದೆ."

ನಡೆದದ್ದು ಹೀಗೆ. ನವಿಲಿನ ಕಾರ್ಡುಗಳು ಸವೆದಿದ್ದವು. ಹೊಸದಾಗಿ ತೂತು ಹೊಡೆಯಲು ಕೊಟ್ಟಾಗ ಹುಡುಗ ಎರಡು ಮೂರು ಕಾರ್ಡಿನಲ್ಲಿ ತೂತು ತಪ್ಪಿಸಿದ. ನವಿಲಿನ ಕೊಕ್ಕು ಕೆಳಗೆ ಬಾಗಿತು, ತುರಾಯಿ ಮಾಯವಾಯಿತು. ನೋಡುವುದರೊಳಗೆ ಇನ್ನೂರು ಡಜನ್ ನೇಯ್ದಾಗಿತ್ತು. ಮಾಲಕರು ಹುಡುಗನ ಪಗಾರ ಹಿಡಿಯುವ ಹೊತ್ತಿಗೆ ಹೈದರಾಬಾದಿನ ವ್ಯಾಪಾರಿಯ ಫೋನು ಬಂತು: ಗಿಳಿ ಡಿಸೈನು ಬಹಳ ಚೆಂದ ಇದೆ, ಇನ್ನೂ ಕಳಿಸಿ. ಅಂದಿನಿಂದ ನಮ್ಮ ದರಪಟ್ಟಿಯಲ್ಲಿ ಗಿಳಿ ಎಂಬುದೊಂದು ಜಾತಿ. ಹಿಂದೆ ತಿರುಗಿಸಿ ನೋಡಿ, ಆ ಗಿಳಿಗೆ ಈಗಲೂ ನವಿಲಿನ ಬಾಲವಿದೆ. ಅದೇ ವರ್ಷ ಇನ್ನೂ ಮೂರು ಕಡೆ ತೂತು ತಪ್ಪಿತ್ತು. ಆ ಮಾಲು ಮಗ್ಗದ ಎಣ್ಣೆ ಒರೆಸಲು ಹೋಯಿತು. ಅವುಗಳ ಹೆಸರು ದರಪಟ್ಟಿಯಲ್ಲಿಲ್ಲ.

"ಇಂಥಾ ಗಿಳಿ ಬೇಕಂತ ಯಾರೂ ಕೂತು ಬರೀಲಿಲ್ರಿ," ಎಂದ ಮಾಸ್ತರ. "ತಪ್ಪಾತು, ಮಾರಾಟ ಆತು, ಉಳೀತು."

1859ರ ನವೆಂಬರಿನಲ್ಲಿ ಡಾರ್ವಿನ್ ಇದನ್ನೇ ಹೇಳಲು ಐನೂರು ಪುಟ ತೆಗೆದುಕೊಂಡ. ಅವನೂ ಮೊದಲ ಅಧ್ಯಾಯದಲ್ಲಿ ಕಾಡಿಗೆ ಹೋಗಲಿಲ್ಲ. ಪಾರಿವಾಳ ಸಾಕುವವರ ಗೂಡಿಗೆ ಹೋಗಿ, ಅವರು ಆರಿಸಿ ಆರಿಸಿ ತಳಿ ಬದಲಿಸುವುದನ್ನು ತೋರಿಸಿದ. ಆರಿಸುವ ಕೈ ಇಲ್ಲದೆಯೂ ಹಸಿವು, ಚಳಿ, ರೋಗ, ಹೈದರಾಬಾದಿನ ವ್ಯಾಪಾರಿಯ ಕೆಲಸ ಮಾಡುತ್ತವೆ ಎಂಬುದು ಅವನ ಮುಂದಿನ ಮಾತು.

ತೂತು ತಪ್ಪುವುದರಲ್ಲಿ, ಜೀವಿಗಳ ಹಿಂದೆ ಒಬ್ಬ ಬುದ್ಧಿವಂತ ಡಿಸೈನರ್ ಇದ್ದಾನೆ ಎನ್ನುವ ಇಂಟೆಲಿಜೆಂಟ್ ಡಿಸೈನ್ ವಾದದವರೂ ಕಮ್ಮಿಯಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದ ಡೋವರ್ ಊರಿನ ಶಾಲಾ ಮಂಡಳಿ ಮಕ್ಕಳಿಗೆ ಈ ವಿಚಾರ ತುರುಕಲು ಹೋದಾಗ ಪಾಲಕರು ಅದನ್ನು ಕೋರ್ಟಿಗೆ ಎಳೆದರು. ಮಂಡಳಿ ಮಕ್ಕಳಿಗೆ ಓದಲು ಸೂಚಿಸಿದ್ದ ಪುಸ್ತಕದ ಹಳೆಯ ಕರಡುಗಳು ಹೊರಬಂದವು. 1987ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಸೃಷ್ಟಿವಾದವನ್ನು ಸರ್ಕಾರಿ ಶಾಲೆಯಲ್ಲಿ ವಿಜ್ಞಾನವೆಂದು ಕಲಿಸಕೂಡದು ಎಂದಿತ್ತು. ಅದಾದ ಮೇಲೆ ಆ ಕರಡಿನಲ್ಲಿ 'ಕ್ರಿಯೇಷನಿಸ್ಟ್ಸ್' ಎಂದಿದ್ದ ಕಡೆಯೆಲ್ಲ 'ಡಿಸೈನ್ ಪ್ರೊಪೊನೆಂಟ್ಸ್' ಎಂದು ಅಂಟಿಸುತ್ತ ಹೋಗಿದ್ದರು. ಒಂದು ಕಡೆ ಅವಸರದಲ್ಲಿ ಹಳೆಯ ಪದ ಪೂರ್ತಿ ಅಳಿಯಲಿಲ್ಲ. ತಲೆಯ ಒಂದಕ್ಷರವೂ ಬಾಲದ ನಾಲ್ಕಕ್ಷರವೂ ಉಳಿದು 'ಸಿಡಿಸೈನ್ ಪ್ರೊಪೊನೆಂಟ್ಸಿಸ್ಟ್ಸ್' ಎಂಬ ವಿಚಿತ್ರ ಪ್ರಾಣಿ ಹುಟ್ಟಿತು. ನಮ್ಮ ಗಿಳಿಗೆ ನವಿಲಿನ ಬಾಲ, ಅವರ ಡಿಸೈನಿಗೆ ಸೃಷ್ಟಿವಾದದ ಬಾಲ. ಜೀವವಿಕಾಸದಲ್ಲಿ ಕಳೆದುಹೋದ ಕೊಂಡಿ ಎಲ್ಲಿ ಎಂದು ಇಡೀ ಜನ್ಮ ಕೇಳಿದವರ ಸ್ವಂತ ಕರಡಿನಲ್ಲೇ ಕೊಂಡಿ ಸಿಕ್ಕಿತು.

ಅದೇ ಮೊಕದ್ದಮೆಯಲ್ಲಿ ಇಲಿಬೋನಿನ ಬೀಹಿಯನ್ನು ಸಾಕ್ಷಿಕಟ್ಟೆಗೆ ಹತ್ತಿಸಿದರು. ನಿಮ್ಮ ವ್ಯಾಖ್ಯೆಯ ಪ್ರಕಾರ ಜ್ಯೋತಿಷ್ಯವೂ ವೈಜ್ಞಾನಿಕ ಸಿದ್ಧಾಂತ ಆಗುತ್ತದೆಯೇ ಎಂದು ವಕೀಲರು ಕೇಳಿದರೆ, ಆಗುತ್ತದೆ ಎಂದು ಒಪ್ಪಿಕೊಂಡ. ಅಮೆರಿಕದವರು ನಕ್ಕರು. ನಾವು ಯಾವ ಮುಖದಿಂದ ನಗೋಣ? 2001ರಲ್ಲೇ ನಮ್ಮ ಯುಜಿಸಿ ವಿಶ್ವವಿದ್ಯಾಲಯಗಳಲ್ಲಿ ಜ್ಯೋತಿರ್ವಿಜ್ಞಾನ ಎಂಬ ಹೆಸರಿನಲ್ಲಿ ಅದನ್ನು ಕಲಿಸಲು ಹೊರಟಿತ್ತು. ವಿಜ್ಞಾನಿ ಪಿ.ಎಂ. ಭಾರ್ಗವ ಮತ್ತಿತರರು ಸುಪ್ರೀಂ ಕೋರ್ಟಿನವರೆಗೂ ಹೋದರು. 2004ರಲ್ಲಿ ಅರ್ಜಿ ವಜಾ ಆಯಿತು. ಬೀಹಿ ಕಟಕಟೆಯಲ್ಲಿ ಬೆವರಿ ಒಪ್ಪಿದ್ದನ್ನು ನಾವು ಸರ್ಕಾರಿ ಖರ್ಚಿನಲ್ಲಿ ಮೊದಲೇ ಒಪ್ಪಿ ಮುಗಿಸಿದ್ದೆವು. ಡೋವರಿನ ತೀರ್ಪು ಬಂದದ್ದು 2005ರ ಡಿಸೆಂಬರ್ 20ಕ್ಕೆ. ಇಂಟೆಲಿಜೆಂಟ್ ಡಿಸೈನ್ ವಿಜ್ಞಾನವಲ್ಲ ಎಂದು ನ್ಯಾಯಾಧೀಶ ಜಾನ್ ಜೋನ್ಸ್ 139 ಪುಟ ಬರೆದ. ಶಾಲೆಯವರು ವಾದಿಗಳ ವಕೀಲರ ಖರ್ಚಿಗೆ ಸುಮಾರು ಹತ್ತು ಲಕ್ಷ ಡಾಲರ್ ಕಟ್ಟಬೇಕಾಯಿತು.

ಇನ್ನು ಡಿಸೈನಿನ ಗುಣಮಟ್ಟ. ನಮ್ಮ ಚೆಕಿಂಗ್ ಟೇಬಲ್ಲಿನ ಮಾವಶಿಗೆ ಶಾಸ್ತ್ರ ಗೊತ್ತಿಲ್ಲ, ಮಾಲು ಗೊತ್ತು. ಒಂದು ದಾರ ಹರಿದಿದ್ದರೂ ಬೆರಳು ಅಲ್ಲೇ ನಿಲ್ಲುತ್ತದೆ. ಅವಳ ಮುಂದೆ ಮನುಷ್ಯನ ಕಣ್ಣು ಇಡಿ. ಬೆಳಕು ಹಿಡಿಯುವ ಪರದೆಯ ಮುಂದೆಯೇ ವೈರುಗಳನ್ನು ಹಾಯಿಸಿದ್ದಾರೆ. ಅವೆಲ್ಲ ಒಟ್ಟಾಗಿ ಹಿಂದಕ್ಕೆ ಹೋಗಲು ಪರದೆಗೇ ತೂತು ಕೊರೆದಿದ್ದಾರೆ. ಆ ತೂತಿದ್ದಲ್ಲಿ ಏನೂ ಕಾಣುವುದಿಲ್ಲ. ಸಮುದ್ರದ ಆಕ್ಟೋಪಸ್ಸಿಗೆ ಮಾತ್ರ ಇದೇ ವೈರಿಂಗನ್ನು ಹಿಂದುಗಡೆಯಿಂದ ಸರಿಯಾಗಿ ಮಾಡಿದ್ದಾರೆ. ಒಳ್ಳೆಯ ಮಾಲು ಎಕ್ಸ್‌ಪೋರ್ಟಿಗೆ, ಸೆಕೆಂಡ್ಸ್ ನಮಗೆ! ಜಿರಾಫೆಯ ಗಂಟಲಿನ ನರ ಮಿದುಳಿನಿಂದ ಹೊರಟು ಪಕ್ಕದಲ್ಲೇ ಇರುವ ಗಂಟಲಿಗೆ ಹೋಗಬೇಕು. ಅದು ಕುತ್ತಿಗೆಯ ಉದ್ದಕ್ಕೂ ಎದೆಗೆ ಇಳಿದು, ಹೃದಯದ ದೊಡ್ಡ ರಕ್ತನಾಳಕ್ಕೆ ಸುತ್ತು ಹಾಕಿ, ಮತ್ತೆ ಮೇಲೆ ಬರುತ್ತದೆ. ನಾಲ್ಕು ಮೀಟರಿಗೂ ಮೇಲಿನ ಓಡಾಟ. ನಮ್ಮ ಶೆಡ್ಡಿನಿಂದ ಪಕ್ಕದ ಶೆಡ್ಡಿಗೆ ನೂಲು ಕಳಿಸಲು ಟೆಂಪೋವನ್ನು ಪುಣೆಗೆ ಹೋಗಿ ಬಾ ಎಂದಂತೆ. ಜಿರಾಫೆಯ ಹಳೆಯ ಪೂರ್ವಜನಾದ ಮೀನಿಗೆ ಕುತ್ತಿಗೆ ಇರಲಿಲ್ಲ, ನರ ನೇರ ಹೋಗುತ್ತಿತ್ತು. ಕುತ್ತಿಗೆ ಬೆಳೆದಂತೆ ನರ ಸುತ್ತು ಹಾಕಿಕೊಂಡೇ ಉದ್ದವಾಯಿತು ಎಂದರೆ ಅರ್ಥವಾಗುತ್ತದೆ. ಕೂತು ಯೋಚಿಸಿ ಹೀಗೆ ಎಳೆದರು ಎಂದರೆ ಅಂಥವರಿಗೆ ನಮ್ಮ ಮಾಲಕರು ಒಂದು ದಿನವೂ ಕೆಲಸ ಕೊಡುವುದಿಲ್ಲ.

ಉಣ್ಣುವ ದಾರಿಯನ್ನೂ ಉಸಿರಾಡುವ ದಾರಿಯನ್ನೂ ಗಂಟಲಲ್ಲಿ ಕ್ರಾಸ್ ಮಾಡಿಸಿದ್ದರ ಬಗ್ಗೆ ಮಾವಶಿ ಏನೂ ಅನ್ನಲಿಲ್ಲ. ಶೇಂಗಾ ಚಟ್ನಿ ನೆತ್ತಿಗೇರಿದವರಿಗೆಲ್ಲ ಗೊತ್ತಿರುವ ವಿಷಯ.

ಮತ್ತೆ ನನ್ನ ಅಕ್ಕಲದಾಢ. ಹಸಿ, ಒರಟು ಆಹಾರ ಅಗಿಯುತ್ತಿದ್ದ ಪೂರ್ವಜರ ದವಡೆ ದೊಡ್ಡದಿತ್ತು. ಬೆಂಕಿ, ಕಲ್ಲಿನ ಚಾಕು, ಬೀಸಿದ ಹಿಟ್ಟು ಬಂದ ಮೇಲೆ ದವಡೆ ಚಿಕ್ಕದಾಯಿತು. ಹಲ್ಲಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಕಡಕ್ ಭಾಕರಿಯ ಊರಿನವನಿಗೇ ಹೀಗಾದರೆ ಬ್ರೆಡ್ಡು ತಿನ್ನುವವರ ಗತಿ ಏನೋ. ಹಲ್ಲಿನ ಡಾಕ್ಟರು ಎಕ್ಸ್‌ರೇ ಹಿಡಿದು, "ಜಾಗಾನ ಇಲ್ರಿ" ಎಂದರು. ಡಿಸೈನರಿಗೆ ಅಳತೆ ತಪ್ಪಿತೇ ಎಂದು ಕೇಳಬೇಕೆನಿಸಿತು. ಬಾಯಲ್ಲಿ ಅವರ ಕೈ ಇತ್ತು.

ನಮ್ಮ ದೇಶದಲ್ಲಿ ಈ ಜಗಳಕ್ಕೆ ದೊಡ್ಡ ಮಟ್ಟದ ಉದ್ಘಾಟನೆ ಆದದ್ದು ನಮ್ಮದೇ ರಾಜ್ಯದ ಔರಂಗಾಬಾದಿನಲ್ಲಿ, 2018ರ ಜನವರಿಯಲ್ಲಿ. ಆಗ ಕೇಂದ್ರದಲ್ಲಿ ಶಿಕ್ಷಣ ಖಾತೆಯ ರಾಜ್ಯ ಸಚಿವರಾಗಿದ್ದ ಸತ್ಯಪಾಲ್ ಸಿಂಗ್, ಡಾರ್ವಿನ್ನನ ಸಿದ್ಧಾಂತ ವೈಜ್ಞಾನಿಕವಾಗಿ ತಪ್ಪು, ಪಠ್ಯದಿಂದ ತೆಗೆಯಬೇಕು ಎಂದರು. ಮಂಗ ಮನುಷ್ಯನಾದದ್ದನ್ನು ಕಂಡೆವೆಂದು ನಮ್ಮ ಪೂರ್ವಜರು ಹೇಳಿಯೂ ಇಲ್ಲ, ಬರೆದೂ ಇಲ್ಲ ಎಂಬುದು ಅವರ ಪುರಾವೆ. ಮಂತ್ರಿಗಳು ಅದಕ್ಕೂ ಮುಂಚೆ ಮುಂಬೈ ಪೊಲೀಸ್ ಕಮಿಷನರ್ ಆಗಿದ್ದವರು. ಕಣ್ಣಾರೆ ಕಂಡ ಸಾಕ್ಷಿ ಇಲ್ಲದಿದ್ದರೆ ಕೇಸೇ ಇಲ್ಲ ಎಂದು ಪೊಲೀಸರು ಹೊರಟರೆ ಆರ್ಥರ್ ರೋಡ್ ಜೈಲನ್ನು ಟವಲ್ ಗೋದಾಮು ಮಾಡಬಹುದು. ಬೆರಳಚ್ಚು, ರಕ್ತದ ಕಲೆ, ಡಿಎನ್ಎ ಎಲ್ಲ ಯಾಕೆ ಬೇಕಿತ್ತು? ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಇದನ್ನು ಅಲ್ಲಗಳೆದವು. ಮೇಲಿನ ಮಂತ್ರಿ ಪ್ರಕಾಶ್ ಜಾವಡೇಕರ್ ಹಾಗೆಲ್ಲ ಮಾತಾಡಬೇಡಿ ಎಂದರು. 2019ರಲ್ಲಿ ಸತ್ಯಪಾಲ್ ಸಿಂಗ್ ಲೋಕಸಭೆಯಲ್ಲೇ ಎದ್ದು ನಿಂತು, ನಾವು ಋಷಿಗಳ ಸಂತಾನ ಎಂದರು. ಇದಕ್ಕೆ ಕಣ್ಣಾರೆ ಕಂಡವರು ಯಾರು ಎಂದು ಯಾವ ಕಾನ್‌ಸ್ಟೇಬಲ್ಲೂ ಕೇಳಲಿಲ್ಲ.

ಈಗಿನ ಮಂಗ ನಮ್ಮ ಅಜ್ಜ ಎಂದು ಡಾರ್ವಿನ್ ಹೇಳಲಿಲ್ಲ. ಮಂಗ ನಮ್ಮ ದಾಯಾದಿ. ಚಿಂಪಾಂಜಿಯ ಮನೆ, ನಮ್ಮ ಮನೆ ಪಾಲಾಗಿ 60-70 ಲಕ್ಷ ವರ್ಷ ಆಗಿರಬಹುದು ಎಂಬುದು ಈಗಿನ ಅಂದಾಜು. ದಾಯಾದಿ ಎಂದ ಮೇಲೆ ಮುಖ ಗಂಟಿಕ್ಕುವುದು ಸಹಜವೇ. ಆದರೆ ನಮ್ಮ ಕಡೆ ಊರೂರ ಅಗಸಿಗೊಬ್ಬ ಹಣಮಪ್ಪ ನಿಂತಿದ್ದಾನೆ. ಶನಿವಾರ ಎಣ್ಣೆ ಸುರಿದು ಕಾಲಿಗೆ ಬೀಳುವ ಜನ, ಅವನ ಬಳಗ ನಮ್ಮ ಬಳಗ ಎಂದರೆ ಮರ್ಯಾದೆ ಹೋಯಿತು ಎನ್ನುತ್ತಾರಲ್ಲ, ಹಣಮಪ್ಪನಿಗೆ ಎಷ್ಟು ನೋವಾಗಿರಬೇಡ?

ಕಣ್ಣಾರೆ ಕಂಡವರೇ ಬೇಕೆಂದರೆ ಹತ್ತಿ ಬೆಳೆಯುವವರನ್ನು ಕರೆಸಿ. 2002ರಲ್ಲಿ ಬಿಟಿ ಹತ್ತಿಗೆ ಪರವಾನಗಿ ಸಿಕ್ಕಿತು. ಕಾಯಿಕೊರಕ ಹುಳ ಈ ಗಿಡ ತಿಂದರೆ ಸಾಯಬೇಕು. ಕೋಟಿಗಟ್ಟಲೆ ಹುಳ ಸತ್ತವು. ಎಲ್ಲೋ ನಾಲ್ಕು ಸಾಯಲಿಲ್ಲ. ಅವು ಸಂಸಾರ ಮಾಡಿದವು. 2010ರಲ್ಲಿ ಗುಜರಾತಿನ ಕೆಲವು ಜಿಲ್ಲೆಗಳಲ್ಲಿ ಗುಲಾಬಿ ಕಾಯಿಕೊರಕ ಇದಕ್ಕೆ ಜಗ್ಗುತ್ತಿಲ್ಲ ಎಂದು ಬೀಜದ ತಂತ್ರಜ್ಞಾನ ತಂದ ಮೊನ್ಸಾಂಟೊ ಕಂಪನಿಯೇ ಒಪ್ಪಿಕೊಂಡಿತು. ಎರಡು ಜೀನು ಹಾಕಿದ ಬೀಜ ಅಷ್ಟರಲ್ಲೇ ಬಂದಿತ್ತು, ಹುಳ ಅದನ್ನೂ ದಾಟಿತು. 2017ರಲ್ಲಿ ವಿದರ್ಭ, ಮರಾಠವಾಡದ ಹೊಲಗಳಲ್ಲಿ ಕಾಯಿ ಬಿಡಿಸಿದರೆ ಅರಳೆಗಿಂತ ಹುಳವೇ ಹೆಚ್ಚು. ಔರಂಗಾಬಾದಿನಲ್ಲಿ ಮಂತ್ರಿಗಳು ಸಾಕ್ಷಿ ಎಲ್ಲಿ ಎಂದು ಕೇಳುತ್ತಿದ್ದಾಗ ಸಾಕ್ಷಿ ಊರ ಹೊರಗಿನ ಹೊಲದಲ್ಲಿ ಕಾಯಿ ಕೊರೆಯುತ್ತಿತ್ತು. ನಾವು ನೂಲಿನ ದರ ಏರಿತು ಎಂದು ಕೂಗಾಡಿದ್ದೆವು. ಅದು ಜೀವವಿಕಾಸದ ಬಿಲ್ಲು ಎಂದು ಲೆಕ್ಕ ಬರೆಯುವ ನನಗೂ ಹೊಳೆಯಲಿಲ್ಲ.

ಮಂತ್ರಿಗಳು ಕೂಗಿ ಹೇಳಿ ಆಗದ್ದು ಆಮೇಲೆ ಸದ್ದಿಲ್ಲದೆ ಆಯಿತು. ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ವಿಜ್ಞಾನದಲ್ಲಿ 'ಅನುವಂಶೀಯತೆ ಮತ್ತು ವಿಕಾಸ' ಎಂದಿದ್ದ ಪಾಠದಿಂದ ವಿಕಾಸವನ್ನು ಕತ್ತರಿಸಿ ಬರೀ ಅನುವಂಶೀಯತೆ ಉಳಿಸಿದರು. ಕಾರಣ ಕೇಳಿದರೆ ಕೊರೋನಾ ಕಾಲದ ಹೊರೆ ಇಳಿಸಿದೆವು ಎಂದರು. ಕೊರೋನಾ ವೈರಸ್ಸು ಆಲ್ಫಾ, ಡೆಲ್ಟಾ, ಓಮಿಕ್ರಾನ್ ಎಂದು ವಾರಕ್ಕೊಂದು ವೇಷ ಹಾಕುತ್ತಿದ್ದ ಹೊತ್ತಿನಲ್ಲಿ ಮಕ್ಕಳಿಗೆ ಭಾರವಾಗಿ ಕಂಡದ್ದು ವಿಕಾಸದ ಪಾಠವೇ! 2023ರ ಏಪ್ರಿಲ್‌ನಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿ ಪಾಠ ವಾಪಸು ಹಾಕಿ ಎಂದು ಬೇಡಿಕೊಂಡರು. ಈಗ ಹನ್ನೆರಡನೇ ತರಗತಿಯಲ್ಲಿ ಜೀವಶಾಸ್ತ್ರ ತೆಗೆದುಕೊಂಡವರಿಗೆ ಮಾತ್ರ ಅದರ ದರ್ಶನಭಾಗ್ಯ.

ಮರಾಠಿಯಲ್ಲಿ ಜೀವವಿಕಾಸಕ್ಕೆ ಉತ್ಕ್ರಾಂತಿ ಎನ್ನುತ್ತಾರೆ. ನಮ್ಮ ಪುರೋಹಿತರ ಬಾಯಲ್ಲಿ ಉತ್ಕ್ರಾಂತಿ ಎಂದರೆ ಪ್ರಾಣ ಹೋಗುವುದು. ಸಾಯುವವರ ಕೈಯಿಂದ ಉತ್ಕ್ರಾಂತಿ ಗೋದಾನ ಕೊಡಿಸುತ್ತಾರೆ. ದೆಹಲಿಯವರು ಮರಾಠಿಯ ಉತ್ಕ್ರಾಂತಿಗೆ ನಮ್ಮ ಉತ್ಕ್ರಾಂತಿ ಮಾಡಿಸಿದರು. ಗೋದಾನ ಯಾರಿಗೆ ಸಿಕ್ಕಿತೋ.

ಮಾಲಕರ ಮಗ ಸಿಬಿಎಸ್‌ಇ ಶಾಲೆಯಲ್ಲಿ ಹತ್ತನೇ ತರಗತಿ. ಬಸ್ಸು ಬಾಗಿಲಿಗೆ ಬರುತ್ತದೆ, ಫೀಸಿನ ಚೆಕ್ಕು ನಾನೇ ಬರೆಯುತ್ತೇನೆ, ಬರೆಯುವಾಗ ಹಲ್ಲು ಜುಂ ಎನ್ನುತ್ತದೆ. ನಮ್ಮಲ್ಲಿ ಬೀಮ್ ಹೊರುವವನೊಬ್ಬ ಅಕ್ಕಲಕೋಟ ತಾಲೂಕಿನ ಹಳ್ಳಿಯವ. ಅವನ ಮಗಳೂ ಹತ್ತನೇ ತರಗತಿ, ಊರ ಹತ್ತಿರದ ಕನ್ನಡ ಮಾಧ್ಯಮದಲ್ಲಿ. ಅವಳ ಪುಸ್ತಕ ಪುಣೆಯ ಬಾಲಭಾರತಿಯದು, ಮಹಾರಾಷ್ಟ್ರ ಸರ್ಕಾರ ಕನ್ನಡದಲ್ಲಿ ಅಚ್ಚು ಹಾಕಿಸುವುದು. ಮಾಲಕರ ಮಗನಿಗೆ ಕತ್ತರಿಸಿದ ಪಾಠ ಇವಳ ಪುಸ್ತಕದಲ್ಲಿ ಇದೆ. ಇದೆ ಎಂದರೆ ಎಲ್ಲೋ ಮೂಲೆಯಲ್ಲಿಲ್ಲ, ಎರಡನೇ ಭಾಗದ ಮೊದಲ ಪಾಠವೇ ಅದು.

ಸಂಜೆ ಮಾಲಕರು ಬಂದು, "ಏನ್ರಿ ದಿವಾಣಜಿ, ಮೆಸೇಜ್ ಓದಿದ್ರೇನು? ಡಿಸೈನ್ ಅಂದ್ರ ಹೆಂಗೈತಿ?" ಎಂದರು. ನಾನು ಬಾಯಿ ಅಗಲಿಸಿ ತೋರಿಸಿದೆ. ಇಣುಕಿ ನೋಡಿ, "ಇದನ್ನ ತಗಸಿಬಿಡ್ರಿ, ಕೆಲಸಕ್ಕ ಬಾರದ್ದು" ಎಂದು ರಜೆ ಕೊಟ್ಟರು.

ನಿಮ್ಮ ಮನೆಯಲ್ಲೂ ಸಿಬಿಎಸ್‌ಇ ಹತ್ತನೇ ತರಗತಿಯ ಮಕ್ಕಳಿದ್ದರೆ, ಕನ್ನಡ ಶಾಲೆಗೆ ಹೋಗುವ ಯಾವುದಾದರೂ ಹುಡುಗಿಯ ಹತ್ತಿರ ಎರಡು ದಿನದ ಮಟ್ಟಿಗೆ ಪುಸ್ತಕ ಕೇಳಿ ತನ್ನಿ. ವಿಜ್ಞಾನ ಮತ್ತು ತಂತ್ರಜ್ಞಾನ, ಭಾಗ ಎರಡು, ಪಾಠ ಒಂದು. ಓದಿ ಮುಗಿದ ಮೇಲೆ ರಟ್ಟು ಹಾಕಿ ವಾಪಸು ಕೊಡಿ. ಪರೀಕ್ಷೆಗೆ ಅವಳಿಗೆ ಬೇಕು.